ಎದುರಿನ ಗಾಡಿಯ ಬೋರ್ಡು

“ಕಾರ್ಡ್ ಚಲೋ ಐತ್ರಿ ಯಜಮಾನ್ರೆ. ನೀವೊಮ್ಮೆ ಕಣ್ಣು ತೋರಿಸ್ಕೊಳ್ರಿ” ಎಂದುಬಿಟ್ಟ ಕಂಪ್ಯೂಟರ್ ಅಂಗಡಿಯ ನಿಂಗರಾಜ್.

ಎರ್ರಿಸ್ವಾಮಿಗೆ ಮೈಯೆಲ್ಲ ಉರಿದುಹೋಯಿತು. ಹರಿಹರದಿಂದ ಕಂಪ್ಯೂಟರಿನ ಡಬ್ಬವನ್ನು ಜಮಖಾನದಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ದಾವಣಗೆರೆಯ ಮಂಡಿಪೇಟೆಗೆ ಬಂದದ್ದು ಈ ಮಾತು ಕೇಳೋದಕ್ಕಾ? ಇಪ್ಪತ್ತೊಂಬತ್ತು ವರ್ಷ ಇದೇ ದಾರಿಯಲ್ಲಿ ಖಾಸಗಿ ಬಸ್ಸು ಓಡಿಸಿದವನು ಅವನು. ಒಂದು ಕೋಳಿಮರಿಯನ್ನೂ ಚಕ್ರದಡಿ ಹಾಕಿದವನಲ್ಲ. ಹೋದ ವರ್ಷ ಬಸ್ಸಿನ ಮಾಲೀಕನೂ ಇದನ್ನೇ ಹೇಳಿ ಅವನನ್ನು ಸೀಟಿನಿಂದ ಇಳಿಸಿದ್ದ. ಕಣ್ಣು ಕಾಣ್ತಿಲ್ಲವಂತೆ! ಮಾಲೀಕನಿಗೆ ತನ್ನ ಹೆಂಡತಿಯ ತಮ್ಮನನ್ನು ಆ ಸೀಟಿಗೆ ಕೂರಿಸಬೇಕಿತ್ತು, ಅದಕ್ಕೊಂದು ನೆಪ ಬೇಕಿತ್ತು, ಅಷ್ಟೇ. ಹೀಗಂತ ಎರ್ರಿಸ್ವಾಮಿ ಕೇಳಿದವರಿಗೂ ಹೇಳಿದ್ದ, ಕೇಳದವರಿಗೂ ಹೇಳಿದ್ದ.

ಮನೆಯಲ್ಲಿ ಕೂತು ಕೂತು ಎಲ್ಲರ ಮೇಲೂ ಹರಿಹಾಯುತ್ತಿದ್ದ ಅಪ್ಪನಿಗೆ ಮಗಳೇ ತನ್ನ ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಗೇಮ್ ಹಾಕಿಕೊಟ್ಟಿದ್ದಳು. ನಮ್ಮ ಕಡೆಯವರೇ ಯಾರೋ ಸೇರಿಸಿದ ರಸ್ತೆ, ಕನ್ನಡ ಬೋರ್ಡಿನ ಬಸ್ಸುಗಳು. ಅದಕ್ಕೆಂದೇ ಎರ್ರಿಸ್ವಾಮಿ ಅರ್ಧ ಗೋಡೆ ತುಂಬುವ, ಸಣ್ಣ ಅಕ್ಷರವೂ ಸ್ಪಷ್ಟ ಕಾಣುವ ಫೋರ್‌ಕೆ ಟಿವಿ ತಂದ. ಹಳೆಯ ಗ್ರಾಫಿಕ್ಸ್ ಕಾರ್ಡಿಗೆ ಅಷ್ಟು ದೊಡ್ಡ ಚಿತ್ರ ಎಳೆಯುವ ತಾಕತ್ತಿರಲಿಲ್ಲ, ಬಸ್ಸು ಜಗ್ಗಿ ಜಗ್ಗಿ ಓಡಿತು. ಕಾರ್ಡ್ ಬದಲಿಸಿದರೆ ಬೆಣ್ಣೆಯಂಗೆ ಓಡ್ತತೆ ಅಂತ ಹೊಸದನ್ನು ಮಾರಿದವನು ಇದೇ ನಿಂಗರಾಜ್.

ಓಡುವುದೇನೋ ಓಡಿತು. ಎದುರಿನ ಗಾಡಿಯ ಬೋರ್ಡು ಮಾತ್ರ ಮಸುಕು ಮಸುಕು. ಎರ್ರಿಸ್ವಾಮಿಯ ಲೈನಿನ ಡ್ರೈವರುಗಳು ಗಡಿಯಾರ ನೋಡಿದವರಲ್ಲ. ಎದುರಿಂದ ಬರುವ ಬಸ್ಸಿನ ಬೋರ್ಡನ್ನು ದೂರದಿಂದಲೇ ಓದಿ, ಯಾವ ಗಾಡಿ ಎಲ್ಲಿ ಎದುರಾಯಿತು ಅನ್ನುವುದರ ಮೇಲೆ ತಾವು ಟೈಮಿಗಿಂತ ಮುಂದಿದ್ದೇವೋ ಹಿಂದಿದ್ದೇವೋ ಹೇಳುತ್ತಿದ್ದರು. ಬೋರ್ಡು ಓದಲಾರದವನನ್ನು ಅವರು ಡ್ರೈವರ್ ಅಂತಲೇ ಕರೆಯುತ್ತಿರಲಿಲ್ಲ. ಟಿವಿಯಲ್ಲಿ ಅದನ್ನು ದೂರದಿಂದ ಓದಿಬಿಟ್ಟರೆ ಮಾಲೀಕ ಸುಳ್ಳ ಅಂತ ನಾಲ್ಕು ಜನರೆದುರು ಸಾಬೀತು ಮಾಡಬಹುದಿತ್ತು. ಓದಲಾಗದಿದ್ದರೆ ಏನು ಅನ್ನುವುದನ್ನು ಎರ್ರಿಸ್ವಾಮಿ ಮನಸ್ಸಿಗೇ ತಂದುಕೊಂಡಿರಲಿಲ್ಲ.

“ನನ್ನ ಕಣ್ಣಿನ ಉಸಾಬರಿ ನಿನಗ್ಯಾಕ? ಡಬ್ಬ ಬಿಚ್ಚು” ಎಂದ. ಸಿಟ್ಟಿಗೆ ಬಹುವಚನ ಹಾರಿಹೋಗಿತ್ತು.

ಇವತ್ತು ಪುರುಸೊತ್ತಿಲ್ಲ, ಸೋಮವಾರ ಬರ್ರಿ ಅಂತ ನಿಂಗರಾಜ್ ರಾಗ ಎಳೆದ. ಎರ್ರಿಸ್ವಾಮಿ ಜಮಖಾನ ಹಾಸಿ ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಕೂತೇಬಿಟ್ಟ. ಗಿರಾಕಿಗಳು ದಾಟಿಕೊಂಡು ಬರಲಾರದೆ ನಿಂತರು. ಅಂಗಡಿಯಲ್ಲಿ ರಿಪೇರಿ ನೋಡಿಕೊಳ್ಳುವ ಶಾಹಿಸ್ತಾ ತನ್ನ ಧಣಿಯ ಮುಖ ಒಮ್ಮೆ ನೋಡಿದಳು, ಬಾಗಿಲಲ್ಲಿ ಕೂತವನನ್ನು ಒಮ್ಮೆ ನೋಡಿದಳು, ಸ್ಕ್ರೂಡ್ರೈವರ್ ತೆಗೆದುಕೊಂಡಳು. ಕಾರ್ಡ್ ಹೊರಗೆ ತೆಗೆದು ತಿರುಗಿಸಿ ಅದರ ನಂಬರನ್ನು ರಸೀದಿಗೆ ಹೋಲಿಸಿದಳು. ಎರಡೂ ಬೇರೆ ಬೇರೆ. ದೊಡ್ಡ ಕಾರ್ಡಿನ ಡಬ್ಬದಲ್ಲಿ ಚಿಕ್ಕದನ್ನಿಟ್ಟು ಕೊಟ್ಟಿದ್ದಾರೆ ಅಂಕಲ್, ಅಂದಳು. ಅದು ಜಗ್ಗಬಾರದು ಅಂತ ಚಿತ್ರದ ಸ್ಪಷ್ಟತೆಯನ್ನು ಕಾಲುಭಾಗಕ್ಕೆ ಇಳಿಸಿಟ್ಟಿದ್ದಾರೆ, ಅಕ್ಷರ ಮಸುಕಾಗದೆ ಇನ್ನೇನಾಗ್ತದೆ ಅಂತಲೂ ಅಂದಳು.

ಎರ್ರಿಸ್ವಾಮಿ ಎದ್ದು ನಿಂತ. ರಸೀದಿಯನ್ನು ನಿಂಗರಾಜನ ಮುಖಕ್ಕೆ ಹಿಡಿದ. “ಮೋಸ ಮಾಡಿದ್ದು ನೀನು, ಕುರುಡ ನಾನಾ?”

ಆಮೇಲೆ ಅವನ ಬಾಯಿ ನಿಲ್ಲಲಿಲ್ಲ. ಪಕ್ಕದ ಮೆಣಸಿನಕಾಯಿ ಮಂಡಿಯ ಜನರನ್ನೂ ಕೂಗಿ ಕರೆದ. ಟೋಪಿ ಹಾಕಿದ್ದಲ್ಲದೆ ಕಣ್ಣಿಗೂ ಹೆಸರಿಟ್ಟಿದ್ದಾನೆ ನೋಡ್ರಿ ಅಂತ ಮೂರು ಸಲ ಹೇಳಿದ. ಬಸ್ಸಿನ ಮಾಲೀಕನ ಮೇಲೆ ವರ್ಷವಿಡೀ ಕೂಡಿಟ್ಟಿದ್ದ ಸಿಟ್ಟೂ ನಿಂಗರಾಜನ ತಲೆಯ ಮೇಲೆಯೇ ಬಿತ್ತು. ಹುಳ್ಳಗಾದ ಮುಖದಲ್ಲಿ ನಿಂಗರಾಜ್, ಗೋಡೌನಿನಲ್ಲಿ ಅದಲು ಬದಲಾಗಿದೆ ಅಂತ ಏನೋ ಒದರಿ, ಕಪಾಟಿನಿಂದ ಅಸಲಿ ಕಾರ್ಡನ್ನು ತೆಗೆದುಕೊಟ್ಟ. ಇಲ್ಲೇ ಹಾಕಿ ಇಲ್ಲೇ ತೋರಿಸು, ಇಷ್ಟೂ ಜನ ನೋಡಲಿ ಅಂತ ಎರ್ರಿಸ್ವಾಮಿ ಪಟ್ಟು ಹಿಡಿದ.

ಶಾಹಿಸ್ತಾ ಹೊಸ ಕಾರ್ಡ್ ಕೂರಿಸಿ ಅಂಗಡಿಯ ದೊಡ್ಡ ಟಿವಿಗೆ ಜೋಡಿಸಿದಳು. ಗೇಮ್ ತೆರೆದು, ರಿಮೋಟ್ ಒತ್ತಿ, ಈಗ ಪೂರ್ತಿ ಫೋರ್‌ಕೆ ಬಂದಿದೆ ಅಂತ ಪರದೆಯ ಮೂಲೆ ತೋರಿಸಿದಳು. ಎರ್ರಿಸ್ವಾಮಿ ಮನೆಯಲ್ಲಿ ಕೂರುವಷ್ಟೇ ದೂರವನ್ನು ಹೆಜ್ಜೆಯಲ್ಲಿ ಅಳೆದು ನಿಂತ. ನಿಂತ ಗತ್ತು ನೋಡಬೇಕಿತ್ತು.

“ನೀನೇ ಓಡಿಸವ್ವ. ನಾನು ಬೋರ್ಡ್ ಓದ್ತೀನಿ.”

ಬಸ್ಸು ಹೊರಟಿತು. ನೇರ ರಸ್ತೆಯ ತುದಿಯಲ್ಲಿ ಕೆಂಪಗೆ ಒಂದು ಚುಕ್ಕೆ ಮೂಡಿ ಎದುರಿನ ಗಾಡಿಯಾಯಿತು. “ಮಲೇಬೆನ್ನೂರು” ಎಂದ ಮೆಣಸಿನಕಾಯಿ ಮಂಡಿಯವನೊಬ್ಬ, ಎರ್ರಿಸ್ವಾಮಿಗಿಂತ ಎಷ್ಟೋ ಹಿಂದೆ, ಬಾಗಿಲ ಹೊರಗೆ ನಿಂತು. ಹೌದು, ಮಲೇಬೆನ್ನೂರು ಅಂತ ಮತ್ತಿಬ್ಬರು ಅಂದರು. ಎರ್ರಿಸ್ವಾಮಿ ಕಣ್ಣು ಕಿರಿದು ಮಾಡಿದ. ಕತ್ತು ಮುಂದೆ ಚಾಚಿದ. ಗಾಡಿ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಪಕ್ಕದಲ್ಲೇ ಹಾದು ಹೋಯಿತು. ಅವನಿಗೆ ಕಂಡದ್ದು ಬರೀ ಬಿಳಿ ಪಟ್ಟಿ.

ಎಲ್ಲರೂ ಈಗ ಟಿವಿ ಬಿಟ್ಟು ಅವನನ್ನೇ ನೋಡುತ್ತಿದ್ದರು. ಶಾಹಿಸ್ತಾ ಬಸ್ಸನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು.

“ಇದೂ ನಕಲಿ ಐತೆ” ಎಂದ ಎರ್ರಿಸ್ವಾಮಿ. “ಬ್ಯಾರೆ ತಗೀರಿ.”