ಕೋಲಿನ ತುದಿ

ಜೀಪಿನ ಸದ್ದು ಕೇಳಲು ಹಚ್ಚಿದ್ದ ಬೇವಿನ ಕೋಲನ್ನು ಸತ್ತೆಪ್ಪ ತನ್ನ ಕಿವಿಯಿಂದ ತೆಗೆದುಕೊಟ್ಟಾಗ, ಅದರ ತುದಿಯನ್ನು ಶ್ರೀಪಾಲ ಸಾಹುಕಾರ ಧೋತರದ ಅಂಚಿನಿಂದ ಒರೆಸಿದ. ಒರೆಸಿದ ಮೇಲೆಯೇ ಏನು ಮಾಡಿದೆನೆಂದು ಅವನಿಗೆ ತಿಳಿದದ್ದು. ಅರಭಾವಿ ರಸ್ತೆಯಲ್ಲಿ, ನಾಲ್ಕೂ ಗಾಲಿ ಎಳೆಯುವ ಹಳೆಯ ಮಿಲಿಟರಿ ಜೀಪಿನ ಅಡಿಯಲ್ಲಿ, ಅವನೂ ಊರ ಹೊರಗಿನ ಕೇರಿಯ ಈ ಡ್ರೈವರನೂ ಭುಜಕ್ಕೆ ಭುಜ ತಾಗಿಸಿ ಮಲಗಿದ್ದರು. ತುಕ್ಕಾನಟ್ಟಿಯ ಸಭೆಯಲ್ಲಿ ಶ್ರೀಪಾಲ ಮುಟ್ಟುಮೈಲಿಗೆ ಬಿಡಬೇಕೆಂದು ಮಾತಾಡಿ ಬಂದು ಇನ್ನೂ ತಾಸು ಕಳೆದಿರಲಿಲ್ಲ.

ಸತ್ತೆಪ್ಪ ಅದನ್ನು ನೋಡಿ, ಕಣ್ಣು ಗಾಲಿಯತ್ತ ಹೊರಳಿಸಿದ. "ನಾ ಗಾಲಿ ಅಲಗಾಡಸ್ತೇನ್ರಿ, ನೀವು ಕೋಲು ಹಚ್ಚಿ ಕೇಳ್ರಿ. ಖಟ್ ಅನ್ನೂದು ಗೇರ್‌ಬಾಕ್ಸಿನಾಗೋ, ಹಿಂದಿನ ಶಾಫ್ಟಿನಾಗೋ, ನನಗೊಬ್ಬಗ ತಿಳೀವಲ್ದು," ಎಂದು ಹೊರಗೆ ತೆವಳಿದ. ಜ್ಯಾಕಿನ ಮೇಲಿದ್ದ ಗಾಲಿ ಹಿಂದೆ ಮುಂದೆ ಆಡಿತು. ಸದ್ದು ಕೋಲಿನಲ್ಲಿ ಹಾದು ಬಂದು ಕಿವಿಗೆ ಬಡಿಯಿತು. ಆದರೆ ಶ್ರೀಪಾಲನ ಲಕ್ಷ್ಯವೆಲ್ಲ ಧೋತರದ ಅಂಚಿಗೆ ಹತ್ತಿದ್ದ ಎಣ್ಣೆಯ ಕಲೆಯ ಮೇಲೆಯೇ ಇತ್ತು.

"ಏನರ ತಿಳೀತ್ರಿ?"

"ಇಲ್ಲೋ ಸತ್ತೆಪ್ಪಾ. ನೀನ ಇನ್ನೊಮ್ಮೆ ಕೇಳು," ಎಂದು ಶ್ರೀಪಾಲ ಮುಖ ತಪ್ಪಿಸಿ ಹೊರಬಂದು, ಕೋಲು ಕೊಟ್ಟು, ತಾನೇ ಗಾಲಿ ಹಿಡಿದ.

ಸತ್ತೆಪ್ಪ ಒಳಗೆ ಮಲಗಿ ಬಹಳ ಹೊತ್ತು ಕೇಳಿದ. "ಶಾಫ್ಟಿನ ಜೋಡಣಿನ ಸವದಿರಬೇಕ್ರಿ. ನೀವೂ ಒಮ್ಮೆ ಕೇಳಿ ನೋಡ್ರಿ," ಎನ್ನುತ್ತ ಹೊರಬಂದವನು, ಕೋಲು ಚಾಚುವ ಮೊದಲು ಹೆಗಲ ವಸ್ತ್ರದಿಂದ ಅದರ ತುದಿಯನ್ನು ಉಜ್ಜಿ ಉಜ್ಜಿ ಒರೆಸಿದ.

"ತಗೋರಿ ಸಾವ್ಕಾರ್ರ. ಈಗ ಸ್ವಚ್ಛ ಐತ್ರಿ."