ಸ್ಟೂಲಿನ ಕಾಲುಗಳು

"ಇದರ ಕಾಲು ಕತ್ತರಿಸಿ ಕೊಡಿ. ಅರ್ಧಕ್ಕರ್ಧ!" ನೀಲಾವತಿ ಸ್ಟೀಲ್ ಪೈಪಿನ ಮೂರು ಕಾಲಿನ ಸ್ಟೂಲನ್ನು ಶೆಡ್ಡಿನ ಬಾಗಿಲಲ್ಲಿ ಧೊಪ್ಪನೆ ಇಟ್ಟಳು.

ಜತ್ತಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಸ್ಟೂಲಿನತ್ತ ಧಾವಿಸಿದ. ಬಹರೈನಿನಲ್ಲಿ ಪೈಪ್ ಫಿಟ್ಟರ್ ಆಗಿದ್ದು ಊರಿಗೆ ಮರಳಿದವನು, ಫರಂಗಿಪೇಟೆಯ ಮನೆಯ ಹಿಂದೆ ಶೆಡ್ಡು ಕಟ್ಟಿ, ಹೆಂಡತಿಗೆಂದೇ ಮಾಡಿದ ಮೊದಲ ಸಾಮಾನು ಅದು. ಅವಳಿಗೆ ಕೊಟ್ಟು ವಾರವೂ ಆಗಿರಲಿಲ್ಲ.

"ಡಾಕ್ಟ್ರು ಹೇಳಿದ್ದು ನೆನಪುಂಟಲ್ಲ? ಇನ್ನು ತಗ್ಗಿನಲ್ಲಿ ಕೂತರೆ ಮಂಡಿಗೆ ಆಪರೇಶನ್ನೇ."

"ಡಾಕ್ಟ್ರಿಗೇನು, ಅವರು ಬೀಡಿ ಕಟ್ತಾರಾ? ಜಗಲಿಯಲ್ಲಿ ಬೀಡಿ ಕಟ್ಟುವಾಗ ಮಾಜಿದಾ, ಮೋಹಿನಿ, ಸೇಸಮ್ಮ ಮೂವರೂ ನೆಲದ ಮೇಲೆ, ನಾನೊಬ್ಬಳು ಮೇಲೆ! ತಲೆಗೆ ತಲೆ ಕೊಟ್ಟು ಪಿಸಿಪಿಸಿ ಮಾತಾಡ್ತಾರೆ, ನಗ್ತಾರೆ. ನನಗೆ ಒಂದೂ ಕೇಳುವುದಿಲ್ಲ. ನೀವು ಕತ್ತರಿಸದಿದ್ದರೆ ನಾಳೆಯಿಂದ ನಾನೂ ನೆಲದಲ್ಲೇ ಕೂರ್ತೇನೆ."

ಕೂತೇ ಕೂರುತ್ತಾಳೆ. ಆಡಿದ್ದನ್ನು ಮಾಡುವ ಹೆಂಗಸು. ಬೀಡಿಯ ಎಲೆ ಹರಡಿದ ಮೊರ, ಆ ತಡ್ಪೆಯನ್ನು ಮಡಿಲಲ್ಲಿಟ್ಟು ಗೆಳತಿಯರ ನಡುವೆ ಕೂತು ನಾಲ್ಕು ಸುದ್ದಿ ಕೇಳದಿದ್ದರೆ ಅವಳಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ ಎಂಬುದು ಜತ್ತಪ್ಪನಿಗೂ ಗೊತ್ತು. ಆದರೆ ಆ ಮಂಡಿಯ ಗತಿ? ಮನಸ್ಸಿಲ್ಲದ ಮನಸ್ಸಿನಿಂದ ಸ್ಟೂಲನ್ನು ಮಗುಚಿ ಹಾಕಿ, ಕಬ್ಬಿಣ ಕೊಯ್ಯುವ ಗರಗಸ, ಹ್ಯಾಕ್ಸಾ ಕೈಗೆತ್ತಿಕೊಂಡ.

ಅಷ್ಟರಲ್ಲಿ ಗೆಳತಿಯನ್ನು ಹುಡುಕಿಕೊಂಡು ಪಕ್ಕದ ಮನೆಯ ಮಾಜಿದಾ ಬಂದಳು. ವಿಷಯ ಕೇಳಿ ಸೊಂಟಕ್ಕೆ ಕೈಯಿಟ್ಟಳು. "ಅವಳನ್ನು ಇಳಿಸುವುದು ಯಾಕೆ ಜತ್ತಪ್ಪಣ್ಣ? ನಮ್ಮನ್ನು ಹತ್ತಿಸಿ ಮಾರಾಯ್ರೆ! ನಮಗೇನು ಮಂಡಿ ಇಲ್ವಾ?"

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಜತ್ತಪ್ಪ ಖುಷಿಯಿಂದ ಉದ್ದನೆಯ ಪೈಪುಗಳನ್ನು ಎಳೆದು ಹಾಕಿದ. ನೀಲಾವತಿ ಚಾಚಿದ ಅಳತೆಯ ಟೇಪನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಟೇಪು ಮಕ್ಕಳಿಗೆ. ನನಗೆ ಕೊಯ್ದ ತುಂಡೇ ಟೇಪು." ಅವಳ ಸ್ಟೂಲಿನ ಕಾಲನ್ನು ಪೈಪಿಗೆ ಹಿಡಿದು ಸೀಮೆಸುಣ್ಣದಿಂದ ಒಂದು ದಪ್ಪ ಗೀಟು, ಗೀಟಿನ ಆಚೆಗೆ ಒಂದು ಕೊಯ್ತ. ಆ ತುಂಡನ್ನು ಹಿಡಿದು ಮುಂದಿನದು, ಅದನ್ನು ಹಿಡಿದು ಅದರ ಮುಂದಿನದು. ಹ್ಯಾಕ್ಸಾದ ಕಿರ್ರ್ ಸದ್ದಿಗೆ ಅವನ ಶಿಳ್ಳೆಯೂ ಸೇರಿತು.

ಬಣ್ಣ ಒಣಗಿದ ಮೇಲೆ ಸ್ಟೂಲುಗಳು ಜಗಲಿಗೆ ಬಂದವು. ನಾಲ್ವರೂ ಸಾಲಾಗಿ ಕೂತರು. ಜತ್ತಪ್ಪನ ಮುಖ ಸಪ್ಪಗಾಯಿತು. ನೀಲಾವತಿಯ ಸ್ಟೂಲಿಗಿಂತ ಮಾಜಿದಾಳದು ತುಸು ಎತ್ತರ, ಅದಕ್ಕಿಂತ ಮೋಹಿನಿಯದು ಎತ್ತರ. ಕೊನೆಯಲ್ಲಿದ್ದ ಕುಳ್ಳಿ ಸೇಸಮ್ಮನ ಪಾದ ನೆಲಕ್ಕೆ ಎಟುಕದೆ ತೂಗಾಡುತ್ತಿತ್ತು. ಒಂದೊಂದು ತುಂಡಿಗೂ ಒಂದೊಂದು ಗೀಟಿನ ದಪ್ಪ ಸೇರಿ, ಕೊನೆಯ ಕಾಲು ಎರಡು ಬೆರಳಿನಷ್ಟು ಬೆಳೆದುಬಿಟ್ಟಿತ್ತು.

"ಏಳಿ, ಎಲ್ಲರೂ ಏಳಿ! ಈಗಲೇ ಕೊಯ್ದು ಸಮ ಮಾಡ್ತೇನೆ." ಜತ್ತಪ್ಪ ನಾಚಿಕೊಂಡು ಹ್ಯಾಕ್ಸಾ ಎತ್ತಿಕೊಂಡು ಬಂದ.

ಯಾರೂ ಏಳಲಿಲ್ಲ. ಸೇಸಮ್ಮ ಮೇಲಿನಿಂದ ಬಾಗಿ ಏನೋ ಅಂದಳು. ನೀಲಾವತಿ ತಡ್ಪೆಯ ಎಲೆ ಚೆಲ್ಲುವಷ್ಟು ನಕ್ಕಳು. ಮಂಡಿನೋವು ಶುರುವಾದಂದಿನಿಂದ ಕೇಳದಿದ್ದ ಆ ನಗುವಿಗೆ ಜತ್ತಪ್ಪನ ಕಣ್ಣು ತುಂಬಿ ಬಂತು.

"ಹ್ಯಾಕ್ಸಾ ಒಳಗಿಡಿ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ಸೇಸಮ್ಮನಲ್ಲಿ ಹೊರಟ ಸುದ್ದಿ ಈಗ ಇಳಿಜಾರಿನಲ್ಲಿ ಸೀದಾ ನನ್ನಲ್ಲಿಗೇ ಬರ್ತಾ ಉಂಟು. ಅದನ್ನು ಸಮ ಮಾಡಲಿಕ್ಕೆ ಬರಬೇಡಿ!"