ಗೇಟ್‌ಕೀಪರ್ ನೋಡಿದ ಸಿನಿಮಾ

ಯಾವ ವರ್ಷದ ಸಿನಿಮಾಗಳು ಚಲೋ ಅನ್ನುವ ಜಗಳ ದಾವಣಗೆರೆಯ ಮಿರ್ಚಿ-ಮಂಡಕ್ಕಿ ಅಂಗಡಿಯಲ್ಲಿ ಆರು ತಿಂಗಳಿಂದ ನಡೆದಿತ್ತು. ಟೈಲರ್ ಮಕ್ಬೂಲ್ ತೊಂಬತ್ತೊಂದು ಅಂದರೆ, ಟಾಕೀಸಿನಲ್ಲಿ ಮೂವತ್ತು ವರ್ಷ ಗೇಟ್‌ಕೀಪರ್ ಆಗಿದ್ದ ಗುರುಶಾಂತಪ್ಪ ಎಂಬತ್ನಾಲ್ಕು ಅನ್ನುತ್ತಿದ್ದ.

"ಒಂದೊಂದು ಪಿಕ್ಚರ್ ನೂರು ಸಲ ನೋಡಿದೋನಲೇ ನಾನು!"

"ಹಂಗಾದ್ರೆ ತಲೆಗೆ ಪಟ್ಟಿ ಕಟ್ಕೊಂಡು ತೋರಿಸಲೇ," ಅಂದ ಮಕ್ಬೂಲ್.

ನೆನಪಿನ ಪಟ್ಟಿ ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಆ ಬಟ್ಟೆಪಟ್ಟಿಯನ್ನು ತಲೆಗೆ ಕಟ್ಟಿಕೊಂಡರೆ, ಕಟ್ಟಿಕೊಂಡವರು ಹಿಂದೆ ಕಂಡದ್ದು, ಕೇಳಿದ್ದೆಲ್ಲ ಗೋಡೆಯ ಮೇಲೆ ಮೂಡುತ್ತದೆ. ಯಾರದೋ ತಲೆಯೆಣ್ಣೆ ಮೆತ್ತಿದ್ದ ಅದನ್ನು ಒರೆಸಿ ಗುರುಶಾಂತಪ್ಪ ಗತ್ತಿನಿಂದ ಕಟ್ಟಿಕೊಂಡ.

ಗೋಡೆಯ ಮೇಲೆ ಎಂಬತ್ನಾಲ್ಕು ಬಂತು. ಹಾಡು ಕೇಳಿಸಿತು, ಹೊಡೆದಾಟ ಕೇಳಿಸಿತು. ಪರದೆ ಮಾತ್ರ ಒಮ್ಮೆಯೂ ಕಾಣಲಿಲ್ಲ. ಕಂಡದ್ದು ಟಾರ್ಚಿನ ಬೆಳಕು, ಸೀಟ್ ನಂಬರು, ತಡವಾಗಿ ಬಂದವರ ಚಪ್ಪಲಿ. ಆಮೇಲೆ, ಬೀಡಿ ಹಚ್ಚಿದವರನ್ನು ಹಿಡಿಯಲು ಪರದೆಗೆ ಬೆನ್ನು ಹಾಕಿ ನಿಂತವನಿಗೆ ಕಂಡ ಸಾಲು ಸಾಲು ಮುಖಗಳು.

ಗುರುಶಾಂತಪ್ಪ ಪರದೆಗಾಗಿ ಗೋಡೆಯೆಲ್ಲ ಹುಡುಕಿದ. ತಾನು ಊರಿಗೆಲ್ಲ ಹೇಳಿದ ಕಥೆಗಳು, ಆಟ ಬಿಟ್ಟಾಗ ಹೊರಬರುವವರ ಬಾಯಿಂದ ಕೇಳಿಸಿಕೊಂಡವು ಎಂದು ಈಗ ಹೊಳೆದು, ತನ್ನ ಮೇಲೆ ತನಗೇ ನಗು ಬಂತು.

"ಬಿಟ್ಟಿ ಸಿನಿಮಾ ಅಂತ ಮೂವತ್ತು ವರ್ಷ ಮೆರೆದೆ, ಒಂದನ್ನೂ ನೋಡಿಲ್ಲಲೇ!" ಎನ್ನುತ್ತ ಪಟ್ಟಿ ಬಿಚ್ಚಲು ಕೈ ಎತ್ತಿದ.

"ಬಿಚ್ಚಬ್ಯಾಡ!"

ಮಕ್ಬೂಲ್ ಎದ್ದು ಗೋಡೆಯ ಹತ್ತಿರ ಹೋಗಿದ್ದ. ಮೂರನೇ ಸಾಲಿನಲ್ಲಿ, ಕೊರಳಿಗೆ ಅಳತೆ ಟೇಪು ಹಾಕಿಕೊಂಡ, ತಲೆತುಂಬ ಕೂದಲಿದ್ದ ಹರೆಯದ ಒಬ್ಬಾತ ನಾಚಿಕೆ ಬಿಟ್ಟು ಅಳುತ್ತಿದ್ದ. ಅವನನ್ನೇ ನೋಡುತ್ತ ಮಕ್ಬೂಲ್ ತನ್ನ ಬೋಳುತಲೆ ಸವರಿಕೊಂಡ.

"ಆಯ್ತಲೇ," ಅಂದ. "ಎಂಬತ್ನಾಲ್ಕೇ ಚಲೋ."